ಎರಡೂ ಬಲಗೈ: ‘ಡೆಕ್ಸ್‌ಟೆರಿಟಿ’ ಎಂಬ ಪದದೊಳಗೆ ಕುಳಿತಿರುವ ಕೈ

ಡಿಪ್ಲೊಮಾ ಎರಡನೇ ವರ್ಷದಲ್ಲಿ ನಮಗೆ ಸೋಲ್ಡರಿಂಗ್ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ನನ್ನ ಬೋರ್ಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೆಸುಗೆ ಎಲ್ಲೂ ಗಂಟು ಕಟ್ಟಿರಲಿಲ್ಲ, ಪಕ್ಕದ ಕಾಲಿಗೆ ಹರಿದಿರಲಿಲ್ಲ. ‘ಗುಡ್ ಡೆಕ್ಸ್‌ಟೆರಿಟಿ’ ಅಂದು ಮುಂದಿನ ಟೇಬಲ್ಲಿಗೆ ಹೋದರು. ಹಾಸ್ಟೆಲಿಗೆ ಬಂದವಳೇ ನಿಘಂಟು ತೆರೆದೆ. ಅರ್ಥ ಮೊದಲೇ ಗೊತ್ತಿತ್ತು: ಕೈಯ ಚಾತುರ್ಯ, ಚಳಕ. ಗೊತ್ತಿಲ್ಲದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಈ ಪದ ಲ್ಯಾಟಿನ್ನಿನ ‘ಡೆಕ್ಸ್‌ಟರ್’ನಿಂದ ಬಂದದ್ದು, ಡೆಕ್ಸ್‌ಟರ್ ಅಂದರೆ ಬಲಗಡೆಯದು. ನಾನು ಎಡಚಿ. ಆ ಬೋರ್ಡಿನ ಒಂದೊಂದು ಬೆಸುಗೆಯನ್ನೂ ಹಾಕಿದ್ದು ನನ್ನ ಎಡಗೈ.

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ಹಿಂದೆ ಹಿಂದೆ ಹೋದಂತೆ ಅದು ರೋಮಿಗೆ ಹೋಯಿತು, ಅಲ್ಲಿಂದ ನಮ್ಮ ದೇವಸ್ಥಾನದ ಪ್ರಾಕಾರಕ್ಕೇ ಬಂತು.

ಮೊದಲು ಪದದ ಇಂದಿನ ಬಳಕೆ ನೋಡೋಣ. ಇಂಗ್ಲಿಷಿನಲ್ಲಿ ಜಾಣ್ಮೆ, ನೈಪುಣ್ಯಗಳಿಗೆ ಬೇಕಾದಷ್ಟು ಪದಗಳಿವೆ. ಅವುಗಳಲ್ಲಿ ಡೆಕ್ಸ್‌ಟೆರಿಟಿಯ ಜಾಗ ಬೆರಳಿನ ತುದಿ. ಕಣ್ಣಿನ ಆಪರೇಷನ್ ಮಾಡುವ ಡಾಕ್ಟರು, ವೀಣೆ ನುಡಿಸುವವರು, ಕಸೂತಿ ಹಾಕುವವರು, ಗಡಿಯಾರ ರಿಪೇರಿಯವರು, ಇವರೆಲ್ಲರಲ್ಲಿ ನಾವು ಕಂಡು ಬೆರಗಾಗುವುದು ಅದನ್ನೇ. ಕೈ ವೇಗವಾಗಿಯೂ ಇರಬೇಕು, ತಪ್ಪಲೂಬಾರದು. ಎರಡೂ ಸೇರಿದರೆ ಡೆಕ್ಸ್‌ಟೆರಿಟಿ. ಆಮೇಲೆ ಅದು ಕೈಯಿಂದ ಮನಸ್ಸಿಗೂ ಮಾತಿಗೂ ಹಬ್ಬಿತು. ವಾದದಲ್ಲಿ ಸಿಕ್ಕಿಬೀಳದೆ ಜಾಣತನದಿಂದ ದಾಟುವವರಿಗೂ ಇಂಗ್ಲಿಷರು ಇದೇ ಪದ ಹೇಳುತ್ತಾರೆ. 16ನೇ ಶತಮಾನದ ಮೊದಲ ಭಾಗದಲ್ಲಿ ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಶತಮಾನ ತಿರುಗುವ ಹೊತ್ತಿಗೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಅದನ್ನು ಚುಚ್ಚುಮಾತಾಗಿ ಬಳಸುತ್ತಾನೆ: ಗಂಡ ಸತ್ತು ತಿಂಗಳು ಕಳೆಯುವುದರೊಳಗೆ ಮೈದುನನನ್ನು ಮದುವೆಯಾದ ತಾಯಿಯ ಚುರುಕುತನವನ್ನು ಅವನು ಹಳಿಯುವುದು ಇದೇ ಪದದಿಂದ. ಚಳಕ ಅಂದಮೇಲೆ ಅದರಲ್ಲೊಂದು ಅನುಮಾನದ ನೆರಳೂ ಇರುತ್ತದೆ. ಕನ್ನಡ ಪತ್ರಿಕೆಗಳು ‘ಕಳ್ಳರ ಕೈಚಳಕ’ ಅಂತ ತಲೆಬರಹ ಕೊಡುವಾಗ ಇರುವುದೂ ಅದೇ ನೆರಳು.

ಈಗ ಬೇರಿಗೆ ಇಳಿಯೋಣ. ಲ್ಯಾಟಿನ್ನಿನಲ್ಲಿ ‘ಡೆಕ್ಸ್‌ಟರ್’ ಅಂದರೆ ಮೊದಲು ಬಲಬದಿಯದು; ಅದರಿಂದಲೇ ಚತುರವಾದದ್ದು, ಅನುಕೂಲವಾದದ್ದು, ಒಳ್ಳೆಯ ಸೂಚನೆಯದು ಎಂಬ ಅರ್ಥಗಳೂ ಬಂದವು. ‘ಡೆಕ್ಸ್‌ಟ್ರಾ’ ಅಂದರೆ ಬಲಗೈ. ರೋಮನ್ನರು ಮಾತು ಕೊಡುವಾಗ ‘ಬಲಗೈ ಕೊಟ್ಟೆ’ ಅನ್ನುತ್ತಿದ್ದರು. ನಾವು ‘ಭಾಷೆ ಕೊಟ್ಟೆ’ ಅನ್ನುತ್ತ ಕೈ ಮೇಲೆ ಕೈ ಹಾಕುತ್ತೇವಲ್ಲ, ಹೆಚ್ಚು ಕಡಿಮೆ ಅದೇ.

ಈ ಡೆಕ್ಸ್‌ಟರ್‌ಗೆ ಸಂಸ್ಕೃತದಲ್ಲಿ ಒಬ್ಬ ಅಣ್ಣನೋ ತಮ್ಮನೋ ಇದ್ದಾನೆ. ಅವನ ಹೆಸರು ನಿಮಗೆ ಚೆನ್ನಾಗಿ ಗೊತ್ತು: ದಕ್ಷಿಣ.

ಸದ್ದು ಹೋಲುತ್ತದೆ ಅಂತ ಇಬ್ಬರನ್ನೂ ಒಂದೇ ಮನೆಯವರು ಮಾಡಿದ್ದಲ್ಲ. ಸದ್ದಿನ ಹೋಲಿಕೆ ಬಹಳ ಸಲ ಮೋಸ ಮಾಡುತ್ತದೆ. ಭಾಷಾವಿಜ್ಞಾನಿಗಳು ನೋಡುವುದು ಸದ್ದು ಬದಲಾಗುವುದರಲ್ಲಿ ಒಂದು ಶಿಸ್ತು ಇದೆಯೇ ಅಂತ. ಲ್ಯಾಟಿನ್ನಿನ ‘ಎ’ ಇರುವ ಕಡೆ ಸಂಸ್ಕೃತದಲ್ಲಿ ‘ಅ’ ಇರುವುದು ಮತ್ತೆ ಮತ್ತೆ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ಏಳು ‘ಸೆಪ್ಟೆಮ್’, ನಮ್ಮಲ್ಲಿ ‘ಸಪ್ತ’. ಹತ್ತು ‘ಡೆಕೆಮ್’, ನಮ್ಮಲ್ಲಿ ‘ದಶ’. ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳೊಳಗೆ ಈ ಏಳೂ ಹತ್ತೂ ಇಂದಿಗೂ ಇವೆ. ‘ಇದೆ’ ಅನ್ನುವುದಕ್ಕೆ ಅಲ್ಲಿ ‘ಎಸ್ಟ್’, ಇಲ್ಲಿ ‘ಅಸ್ತಿ’. ಇನ್ನು ಅಲ್ಲಿ ‘ಕ್ಸ್’ ಇದ್ದರೆ ಇಲ್ಲಿ ‘ಕ್ಷ’. ಬಂಡಿಯ ಅಚ್ಚಿಗೆ ಲ್ಯಾಟಿನ್ನಿನಲ್ಲಿ ‘ಆಕ್ಸಿಸ್’, ಸಂಸ್ಕೃತದಲ್ಲಿ ‘ಅಕ್ಷ’. ಭೂಗೋಳದ ಪಾಠದಲ್ಲಿ ಅಕ್ಷಾಂಶ ಅಂತ ಓದಿದ್ದೂ, ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳು ಗ್ರಾಫ್ ಹಾಳೆಯ ಮೇಲೆ ಆಕ್ಸಿಸ್ ಅಂತ ಗೆರೆ ಎಳೆಯುವುದೂ ಒಂದೇ ಬಂಡಿಯ ಅಚ್ಚು. ಈ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟರೆ ‘ಡೆಕ್ಸ್’ಗೆ ಎದುರಾಗಿ ‘ದಕ್ಷ್’ ತಾನಾಗಿ ಬಂದು ನಿಲ್ಲುತ್ತದೆ.

1786ರಲ್ಲಿ ಕಲ್ಕತ್ತಾದಲ್ಲಿ ಮಾಡಿದ ಭಾಷಣದಲ್ಲಿ ಇಂಗ್ಲಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಒಡೆದು ಬಂದಿರಬೇಕು ಎಂದು ಹೇಳಿದ್ದು ಪ್ರಸಿದ್ಧ. ಆ ಮೂಲವನ್ನು ಈಗ ಇಂಡೋ-ಯುರೋಪಿಯನ್ ಮೂಲಭಾಷೆ ಅನ್ನುತ್ತಾರೆ. ನಮ್ಮ ಪದದ ನೆಂಟರು ಆ ಮನೆತನದ ತುಂಬ ಹರಡಿದ್ದಾರೆ: ಗ್ರೀಕಿನಲ್ಲಿ ‘ಡೆಕ್ಸಿಯೋಸ್’, ಲಿಥುವೇನಿಯನ್ನಿನಲ್ಲಿ ‘ದೆಶಿನೆ’, ಹಳೆಯ ಇರಾನಿನ ಅವೆಸ್ತಾ ಭಾಷೆಯಲ್ಲಿ ‘ದಶಿನ’, ಐರಿಷಿನಲ್ಲಿ ‘ದೆಸ್’. ಎಲ್ಲದಕ್ಕೂ ಬಲ ಎಂದೇ ಅರ್ಥ. ಡೆಕ್ಸ್‌ಟರ್‌ನ ಕೊನೆಯ ‘ಟರ್’ ಕೂಡ ನಮಗೆ ಹೊರಗಿನದಲ್ಲ. ಎರಡು ವಸ್ತುಗಳನ್ನು ಎದುರುಬದುರು ಇಟ್ಟು ‘ಇದಲ್ಲ, ಅದು’ ಎಂದು ತೋರಿಸುವ ಪ್ರತ್ಯಯ ಅದು. ‘ತರತಮ’ ಅನ್ನುವಾಗಿನ ‘ತರ’, ‘ಉತ್ತರ’ದ ‘ತರ’ ಅದರ ಒಡಹುಟ್ಟು. ಅಂದರೆ ಡೆಕ್ಸ್‌ಟರ್ ಎಂಬ ಪದ ಹುಟ್ಟುವಾಗಲೇ ಎರಡು ಕೈಗಳ ನಡುವೆ ಒಂದನ್ನು ಆರಿಸಿಕೊಂಡು ಹುಟ್ಟಿದೆ.

ಬಲಕ್ಕೂ ತೆಂಕು ದಿಕ್ಕಿಗೂ ಸಂಸ್ಕೃತದಲ್ಲಿ ಒಂದೇ ಹೆಸರು ಯಾಕೆ? ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಿಂತುಕೊಳ್ಳಿ. ಎದುರಿಗಿರುವುದು ಪೂರ್ವ, ಅಂದರೆ ಮುಂದಿನದು. ಬೆನ್ನ ಹಿಂದಿರುವುದು ಪಶ್ಚಿಮ, ಅಂದರೆ ಹಿಂದಿನದು. ಬಲಗೈ ಚಾಚಿದರೆ ಅದೇ ದಕ್ಷಿಣ. ದಿಕ್ಕುಗಳ ಹೆಸರು ಮನುಷ್ಯನ ಮೈಯನ್ನೇ ಅಳತೆಗೋಲು ಮಾಡಿಕೊಂಡಿವೆ. ಐರಿಷಿನ ‘ದೆಸ್’ಗೂ ಬಲ, ತೆಂಕು ಎರಡೂ ಅರ್ಥ ಇವೆ, ಅಷ್ಟು ದೂರದ ದ್ವೀಪದಲ್ಲೂ ಜನ ಮೂಡಣಕ್ಕೆ ಮುಖ ಮಾಡಿಯೇ ದಿಕ್ಕು ಎಣಿಸಿದ್ದರು. ಬೇರೆ ಭಾಷಾಕುಟುಂಬದ ಅರಬ್ಬಿಯಲ್ಲೂ ಹೀಗೇ: ‘ಯಮೀನ್’ ಅಂದರೆ ಬಲ, ಅರೇಬಿಯಾದ ತೆಂಕಣ ಮೂಲೆಯ ನಾಡು ಯೆಮೆನ್. ನಮ್ಮ ಕನ್ನಡದ ಸ್ವಂತ ಹೆಸರುಗಳು ಮಾತ್ರ ಮೈಯನ್ನು ಬಿಟ್ಟು ಸೂರ್ಯನನ್ನೇ ಹಿಡಿದವು: ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ತೆಂಕು ಬಡಗುಗಳು ಯಕ್ಷಗಾನದ ತಿಟ್ಟುಗಳಲ್ಲಿ ಇನ್ನೂ ದಿನಬಳಕೆಯಲ್ಲಿವೆ.

ದಕ್ಷಿಣ ಪ್ರಾಕೃತದಲ್ಲಿ ‘ದಕ್ಖಿಣ’ವಾಯಿತು, ಅದು ‘ದಖ್ಖನ್’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಡೆಕ್ಕನ್’. ಹಾಗಾಗಿ ದಖ್ಖನ್ ಪ್ರಸ್ಥಭೂಮಿಯ ಹೆಸರೂ, ದಕ್ಷಿಣ ಕನ್ನಡ ಜಿಲ್ಲೆಯ ಹೆಸರೂ, ನನ್ನ ಮೇಷ್ಟ್ರು ಮೆಚ್ಚಿ ಹೇಳಿದ ಆ ಪದವೂ ಒಂದೇ ಬೇರಿನವು. ಇದು ಗೊತ್ತಾದ ದಿನ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಚತುರತೆಯ ಅರ್ಥ ಲ್ಯಾಟಿನ್ನಿನಲ್ಲಿ ಮಾತ್ರ ಸೇರಿಕೊಂಡದ್ದೇ? ಇಲ್ಲ. ‘ದಕ್ಷ’ ಅಂದರೆ ಸಮರ್ಥ, ಕೆಲಸ ಬಲ್ಲವನು. ದಕ್ಷಿಣ ಶಬ್ದವನ್ನು ನಮ್ಮ ವೈಯಾಕರಣರು ‘ದಕ್ಷ್’ ಧಾತುವಿನಿಂದಲೇ ಸಾಧಿಸುತ್ತಾರೆ. ಪುರೋಹಿತರಿಗೆ ಕೊಡುವ ದಕ್ಷಿಣೆಗೂ ಶತಪಥ ಬ್ರಾಹ್ಮಣ ಇದೇ ಬೇರನ್ನು ತೋರಿಸುತ್ತದೆ: ಯಜ್ಞ ಶಕ್ತಿಗುಂದಿದಾಗ ದೇವತೆಗಳು ಈ ಕೊಡುಗೆಗಳಿಂದ ಅದನ್ನು ಮತ್ತೆ ‘ದಕ್ಷ’ಗೊಳಿಸಿದರು, ಅದಕ್ಕೇ ಇದು ದಕ್ಷಿಣೆ ಎಂದು. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಆಸ್ಪತ್ರೆಯಲ್ಲಿ ಸುಸ್ತಾದವರಿಗೆ ಏರಿಸುವ ಡೆಕ್ಸ್‌ಟ್ರೋಸ್ ಬಾಟಲಿಯ ಹೆಸರೂ ಇದೇ ಡೆಕ್ಸ್‌ಟರ್‌ನಿಂದ. ಆ ಸಕ್ಕರೆಯ ದ್ರಾವಣದೊಳಗೆ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಬೆಳಕಿನ ತಲ ಬಲಕ್ಕೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನಾವು ಗರ್ಭಗುಡಿಯನ್ನು ಸುತ್ತುವುದೂ ಆ ಕಡೆಗೇ. ಕನ್ನಡಕದ ಚೀಟಿ ಇದ್ದರೆ ತೆಗೆದು ನೋಡಿ: ‘ಓಡಿ’, ‘ಓಎಸ್’ ಅಂತ ಎರಡು ಸಾಲು ಇರುತ್ತವೆ. ಓಡಿ ಅಂದರೆ ಒಕುಲಸ್ ಡೆಕ್ಸ್‌ಟರ್, ಬಲಗಣ್ಣು. ಓಎಸ್ ಅಂದರೆ ಒಕುಲಸ್ ಸಿನಿಸ್ಟರ್, ಎಡಗಣ್ಣು.

ಸಿನಿಸ್ಟರ್! ಇಂಗ್ಲಿಷ್ ಬಲ್ಲವರಿಗೆ ಈ ಪದ ಕೇಳಿದರೇ ಕೇಡಿನ ವಾಸನೆ ಬರುತ್ತದೆ. ಲ್ಯಾಟಿನ್ನಿನಲ್ಲಿ ಮೊದಲು ಅದಕ್ಕೆ ಎಡ ಎಂದಷ್ಟೇ ಅರ್ಥ ಇತ್ತು. ಇನ್ನೂ ಅಚ್ಚರಿಯೆಂದರೆ ರೋಮನ್ನರ ಹಳೆಯ ಶಕುನಶಾಸ್ತ್ರದಲ್ಲಿ ಎಡಗಡೆಯೇ ಶುಭ. ಅವರ ಶಕುನಿಗರು ತೆಂಕಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು, ಹಾಗಾಗಿ ಸೂರ್ಯ ಹುಟ್ಟುವ ಕಡೆ ಎಡಕ್ಕೆ ಬರುತ್ತಿತ್ತು. ಗ್ರೀಕರು ಬಡಗಣಕ್ಕೆ ಮುಖ ಮಾಡುತ್ತಿದ್ದರು, ಅವರಿಗೆ ಬಲ ಶುಭ. ‘ನಮಗೆ ಎಡ ಒಳ್ಳೆಯದು, ಗ್ರೀಕರಿಗೆ ಬಲ ಒಳ್ಳೆಯದು’ ಎಂದು ರೋಮನ್ ಲೇಖಕ ಸಿಸೆರೊ ಬರೆದಿಟ್ಟಿದ್ದಾನೆ. ಮುಂದೆ ಗ್ರೀಕ್ ಪ್ರಭಾವವೇ ಗೆದ್ದಿತು, ಎಡಕ್ಕೆ ಅಪಶಕುನದ ಅರ್ಥ ಅಂಟಿತು. ಎಡದಲ್ಲಿ ಅಂಥ ಕೇಡೇನೂ ಇರಲಿಲ್ಲ; ನಿಂತ ಮುಖ ಬದಲಾಯಿತು, ಅಷ್ಟೇ. ಎಡಚರಾದ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಎಡದ ಹೆಸರು ಹೇಳಲು ಜನ ಎಷ್ಟು ಅಂಜುತ್ತಿದ್ದರು ಅನ್ನುವುದಕ್ಕೆ ಭಾಷೆಗಳಲ್ಲಿ ಸಾಕ್ಷಿ ಇದೆ. ಗ್ರೀಕರು ಎಡಗೈಗೆ ‘ಅರಿಸ್ಟೆರೋಸ್’ ಅಂದರು, ಹೆಚ್ಚು ಒಳ್ಳೆಯದು ಎಂದು. ‘ಯೂಓನುಮೋಸ್’ ಅಂದರು, ಒಳ್ಳೆಯ ಹೆಸರಿನದು ಎಂದು. ನಾವು ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುತ್ತೇವಲ್ಲ, ದೀಪ ಆರಿಸು ಅನ್ನದೆ ದೀಪ ದೊಡ್ಡದು ಮಾಡು ಅನ್ನುತ್ತೇವಲ್ಲ, ಹಾಗೆ. ಸಂಸ್ಕೃತದ ‘ವಾಮ’ಕ್ಕೂ ಎಡ, ಚೆಲುವು ಎರಡೂ ಅರ್ಥ ಇರುವುದನ್ನು ನೋಡಿದರೆ ಅಲ್ಲೂ ಇಂಥದ್ದೇ ಪೂಸಿ ಇದ್ದಿರಬಹುದು ಅನ್ನಿಸುತ್ತದೆ. ಆದರೂ ಕನ್ನಡದಲ್ಲಿ ವಾಮಾಚಾರ ಅಂದರೆ ಮಾಟ, ವಾಮಮಾರ್ಗ ಅಂದರೆ ಅಡ್ಡದಾರಿ. ಸ್ಪೇನಿನವರು ಇನ್ನೂ ದೂರ ಹೋದರು: ಲ್ಯಾಟಿನ್ನಿನ ಎಡವನ್ನೇ ಬಿಟ್ಟು ನೆರೆಯ ಬಾಸ್ಕ್ ಭಾಷೆಯಿಂದ ‘ಇಸ್ಕಿಯೆರ್ದೊ’ ತಂದುಕೊಂಡರು. ಬಲಕ್ಕೆ ಮಾತ್ರ ಅವರ ‘ದಿಯೆಸ್ತ್ರೊ’ ಹಳೆಯ ಡೆಕ್ಸ್‌ಟರೇ. ನುರಿತವನಿಗೂ ಅದೇ ಹೆಸರು, ಗೂಳಿಕಾಳಗದ ವೀರನಿಗೂ ಅದೇ. ಇಂಗ್ಲಿಷಿನ ‘ಲೆಫ್ಟ್’ ಹಳೆಯ ರೂಪದಲ್ಲಿ ದುರ್ಬಲ ಎಂಬ ಅರ್ಥದ್ದು. ಫ್ರೆಂಚಿನ ‘ಗೋಶ್’ ಅಂದರೆ ಎಡ. ಇಂಗ್ಲಿಷಿಗೆ ಬಂದು ಒಡ್ಡೊಡ್ಡಾದ ನಡವಳಿಕೆ ಎಂದಾಯಿತು.

ಒಂದು ಪದ ಮಾತ್ರ ತಿರುಗುಮುರುಗಾಗಿದೆ. ‘ಸವ್ಯ’ ಅಂದರೆ ಎಡ. ಜನಿವಾರ ಎಡ ಹೆಗಲ ಮೇಲಿದ್ದರೆ ಸವ್ಯ, ಅದು ದೇವಕಾರ್ಯಕ್ಕೆ. ಶ್ರಾದ್ಧದಲ್ಲಿ ಅದನ್ನು ಬಲ ಹೆಗಲಿಗೆ ಹಾಕಿಕೊಂಡರೆ ಅಪಸವ್ಯ. ಅಪರಕರ್ಮದ ನಂಟಿನಿಂದ ಅಪಸವ್ಯಕ್ಕೆ ಅಶುಭದ ಬಣ್ಣ ಬಂತು, ಈಗ ಕನ್ನಡದಲ್ಲಿ ‘ಆಡಳಿತದ ಅಪಸವ್ಯಗಳು’ ಅಂದರೆ ಆಗಬಾರದ ರೀತಿಯಲ್ಲಿ ಆಗಿರುವುದೆಲ್ಲ. ಇಲ್ಲಿ ಕೆಟ್ಟ ಹೆಸರು ಹೊತ್ತದ್ದು ಬಲಗಡೆ.

ಹಾಗಾದರೆ ಸಂಸ್ಕೃತ ಬೆರೆಯುವ ಮೊದಲು ಕನ್ನಡ ಏನು ಹೇಳುತ್ತಿತ್ತು? ತಮಿಳಿನಲ್ಲಿ ‘ವಲ್’ ಅಂದರೆ ಗಟ್ಟಿ, ಶಕ್ತ, ನಿಪುಣ. ‘ವಲಂ’ ಅಂದರೆ ಬಲಬದಿ, ಶಕ್ತಿಯೂ ಹೌದು. ‘ವಲ್ಲವನ್’ ಅಂದರೆ ಸಮರ್ಥ. ತಮಿಳಿನ ಮೊದಲ ‘ವ’ ಕನ್ನಡದಲ್ಲಿ ‘ಬ’ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮಲ್ಲಿ ಬಲ್ಲಿದ, ಬಲ್ಲವ, ಬಲಗೈ ಇವೆ. ಸಂಸ್ಕೃತದ ‘ಬಲ’ವೇ ದ್ರಾವಿಡದಿಂದ ಹೋದದ್ದು ಎಂಬ ವಾದವೂ ವಿದ್ವಾಂಸರಲ್ಲಿದೆ. ಹೇಗೇ ಇರಲಿ, ಶಕ್ತಿ, ಜಾಣ್ಮೆ, ಬಲಬದಿ ಮೂರೂ ದ್ರಾವಿಡದಲ್ಲೂ ಒಂದೇ ಬುಡದಲ್ಲಿ ಕುಳಿತಿವೆ. ಎರಡು ಬೇರೆ ಬೇರೆ ಭಾಷಾಕುಟುಂಬಗಳು ಒಂದೇ ಮಾತಿಗೆ ಬಂದಿವೆ ಅಂದಮೇಲೆ ಕಾರಣ ಭಾಷೆಯಲ್ಲಿಲ್ಲ, ಮೈಯಲ್ಲಿದೆ. ಜಗತ್ತಿನ ಎಲ್ಲ ಕಡೆಯೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬಲಗೈಯವರು. ಅವರ ಚುರುಕಾದ ಕೈ ಬಲಗೈ. ಆ ಒಂಬತ್ತು ಮಂದಿ ತಮ್ಮ ಅನುಭವವನ್ನು ಪದ ಮಾಡಿದರು, ಹತ್ತನೆಯವರಿಗೂ ಅದೇ ಪದ ಸಿಕ್ಕಿತು.

ಎಡಕ್ಕೆ ಕನ್ನಡ ಕೊಟ್ಟದ್ದು ಎಡವಟ್ಟು, ಎಡಬಿಡಂಗಿ. ಎಡವುವುದನ್ನೂ ಇದೇ ಸಾಲಿಗೆ ಸೇರಿಸಲು ಬಹಳ ಜನರಿಗೆ ಆಸೆ. ನಾನೂ ಒಂದು ಕಾಲಕ್ಕೆ ಸೇರಿಸಿದ್ದೆ. ಆದರೆ ಸದ್ದು ಹೋಲಿದ ಮಾತ್ರಕ್ಕೆ ನಂಟು ಕಟ್ಟಬಾರದು ಎಂದು ಮೇಲೆ ಹೇಳಿದವಳು ಇಲ್ಲಿ ಆ ಮಾತು ಮೀರುವುದು ಸರಿಯಲ್ಲ. ಬಲಮುರಿಯ ಪಕ್ಕದಲ್ಲೇ ಎಡಮುರಿಯನ್ನೂ ಇಟ್ಟುಕೊಂಡಿರುವ ಶ್ರೀರಂಗಪಟ್ಟಣದ ಕಾವೇರಿಯನ್ನು ಮಾತ್ರ ಇಲ್ಲಿ ನೆನೆಯದಿರಲಾರೆ.

ನನ್ನ ಬಾಲ್ಯದಲ್ಲಿ ಈ ಪದಗಳು ನಿಘಂಟಿನಲ್ಲಿರಲಿಲ್ಲ, ಬೆರಳುಗಳ ಮೇಲಿದ್ದವು. ಒಂದನೇ ತರಗತಿಯಲ್ಲಿ ಬಳಪ ಎಡಗೈಗೆ ಬಂದಾಗಲೆಲ್ಲ ಅದನ್ನು ಕಿತ್ತು ಬಲಗೈಗೆ ಇಡುತ್ತಿದ್ದರು. ಹಬ್ಬದ ದಿನ ಅರಿಸಿನ ಕುಂಕುಮದ ತಟ್ಟೆಗೆ ಎಡಗೈ ಚಾಚಿದರೆ ಸುತ್ತ ಕೂತವರೆಲ್ಲ ಒಟ್ಟಿಗೆ ‘ಹ್ಞಾ’ ಅನ್ನುತ್ತಿದ್ದರು. ಈಗಲೂ ನಾನು ಊಟ ಬಲಗೈಯಲ್ಲಿ ಮಾಡುತ್ತೇನೆ, ಬರೆಯುವುದು, ಹೊಲಿಯುವುದು, ಹೆಚ್ಚುವುದೆಲ್ಲ ಎಡಗೈ. ಆ ಮನೆಯಲ್ಲಿ ನನ್ನ ಪರ ಇದ್ದ ಒಂದೇ ಒಂದು ಪದ ನನಗೆ ಗೊತ್ತಾಗದ ಹಾಗೆ ಅಜ್ಜಿಯ ಬಾಯಲ್ಲಿತ್ತು. ಗುಡುಗು ಸಿಡಿಲು ಶುರುವಾದರೆ ಅವರು ನನ್ನನ್ನು ಸೆರಗಿಗೆ ಎಳೆದುಕೊಂಡು ಹೇಳುತ್ತಿದ್ದರು: ‘ಅರ್ಜುನಃ ಫಲ್ಗುಣಃ ಪಾರ್ಥಃ ಕಿರೀಟೀ ಶ್ವೇತವಾಹನಃ, ಬೀಭತ್ಸುರ್ವಿಜಯಃ ಕೃಷ್ಣಃ ಸವ್ಯಸಾಚೀ ಧನಂಜಯಃ.’ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸಿಡಿಲಿಗೆ ಇದೇ ಮದ್ದು. ಆ ಹೆಸರುಗಳ ಸಾಲಿನಲ್ಲಿ ಕೊನೆಯ ಹೆಸರಿಗೆ ಮೊದಲು ಸವ್ಯಸಾಚಿ ಇದ್ದಾನೆ: ಸವ್ಯದಲ್ಲಿ, ಎಡಗೈಯಲ್ಲೂ, ಕೆಲಸ ನಡೆಸುವವನು.

ಈ ಹೆಸರು ಹೇಗೆ ಬಂತು ಅನ್ನುವುದನ್ನು ಅರ್ಜುನನೇ ಹೇಳುತ್ತಾನೆ, ವಿರಾಟಪರ್ವದ ಗೋಗ್ರಹಣದ ಹೊತ್ತಿನಲ್ಲಿ. ಮಳೆ ಬಾರದಿದ್ದಾಗ ನಮ್ಮ ಹಳ್ಳಿಗಳಲ್ಲಿ ಓದಿಸುವುದು ಇದೇ ವಿರಾಟಪರ್ವವನ್ನು. ಕೌರವರ ಸೇನೆ ಕಂಡು ಹೆದರಿ ಓಡಿದ ಉತ್ತರಕುಮಾರನನ್ನು ಹಿಡಿದು ತಂದ ಬೃಹನ್ನಳೆ ‘ನಾನೇ ಅರ್ಜುನ’ ಅಂದರೆ ಹುಡುಗ ನಂಬುವುದಿಲ್ಲ. ಹತ್ತು ಹೆಸರು ಹೇಳು, ಅವು ಯಾಕೆ ಬಂದವು ಹೇಳು, ಆಗ ನಂಬುತ್ತೇನೆ ಅನ್ನುತ್ತಾನೆ. ಅರ್ಜುನ ಒಂದೊಂದಾಗಿ ಹೇಳುತ್ತ ಸವ್ಯಸಾಚಿಗೆ ಬಂದಾಗ ಸಂಸ್ಕೃತ ಮೂಲದಲ್ಲಿ ಇರುವ ಮಾತು ಇದು: ‘ಉಭೌ ಮೇ ದಕ್ಷಿಣೌ ಪಾಣೀ ಗಾಂಡೀವಸ್ಯ ವಿಕರ್ಷಣೇ.’ ಗಾಂಡೀವವನ್ನು ಸೆಳೆಯುವಾಗ ನನ್ನ ಎರಡು ಕೈಗಳೂ ಬಲಗೈಗಳೇ.

ಎರಡೂ ಬಲಗೈ. ಇಂಗ್ಲಿಷಿನಲ್ಲಿ ಎರಡು ಕೈಯಲ್ಲೂ ಸಮನಾಗಿ ಕೆಲಸ ಮಾಡುವವರಿಗೆ ‘ಆಂಬಿಡೆಕ್ಸ್‌ಟ್ರಸ್’ ಅನ್ನುತ್ತಾರೆ. ಲ್ಯಾಟಿನ್ನಿನ ‘ಆಂಬಿ’ ಅಂದರೆ ಎರಡೂ ಕಡೆ. ಡೆಕ್ಸ್‌ಟರ್ ಗೊತ್ತಲ್ಲ, ಬಲ. ಎರಡೂ ಕಡೆ ಬಲಗೈ ಇರುವವರು ಎಂದೇ ಅದರ ಅಕ್ಷರಾರ್ಥ. ಲ್ಯಾಟಿನ್ ಬಲ್ಲವರು ಕಟ್ಟಿದ ಪದವೂ ಅರ್ಜುನ ಉತ್ತರನಿಗೆ ಹೇಳಿದ ಮಾತೂ ಒಂದೇ ಬೇರಿನ ಶಬ್ದದಿಂದ ಒಂದೇ ಚಿತ್ರವನ್ನು ಬರೆದಿವೆ. ಒಬ್ಬರನ್ನೊಬ್ಬರು ನೋಡಿ ಬರೆದದ್ದಲ್ಲ. ಎಡಗೈ ಚುರುಕಾಗಿದ್ದರೆ ಅದನ್ನು ‘ಇನ್ನೊಂದು ಬಲಗೈ’ ಎಂದು ಕರೆಯುವುದನ್ನು ಬಿಟ್ಟು ಬೇರೆ ದಾರಿ ಎರಡೂ ಭಾಷೆಗಳಿಗೆ ತೋಚಿಲ್ಲ. ಎರಡೂ ಕೈ ಒಡ್ಡೊಡ್ಡಾದವರಿಗೆ ಇಂಗ್ಲಿಷಿನಲ್ಲಿ ‘ಆಂಬಿಸಿನಿಸ್ಟರ್’ ಎಂಬ ಅಪರೂಪದ ಪದವೂ ಇದೆ, ಎರಡೂ ಎಡಗೈ ಎಂದು. ‘ಆಂಬಿಡೆಕ್ಸ್‌ಟರ್’ ಎಂಬ ಹಳೆಯ ರೂಪ ಇಂಗ್ಲೆಂಡಿನ ಕೋರ್ಟುಗಳಲ್ಲಿ ವಾದಿ ಪ್ರತಿವಾದಿ ಇಬ್ಬರಿಂದಲೂ ಲಂಚ ತಿನ್ನುವವನ ಬೈಗುಳವಾಗಿತ್ತು. ಎರಡು ಕೈಯೂ ಚುರುಕು, ಎರಡಕ್ಕೂ ಲಂಚ ಬೇಕು! ಕನ್ನಡದ ಸವ್ಯಸಾಚಿಗೆ ಅಂಥ ಕಳಂಕ ತಟ್ಟಲಿಲ್ಲ. ಕವಿತೆಯಲ್ಲೂ ನಾಟಕದಲ್ಲೂ, ಬ್ಯಾಟಿನಲ್ಲೂ ಬಾಲಿನಲ್ಲೂ ಗೆದ್ದವರಿಗೆ ಪತ್ರಿಕೆಗಳು ಇಂದಿಗೂ ಪ್ರೀತಿಯಿಂದ ಕೊಡುವ ಬಿರುದು ಅದು.

ಎಡಗೈಯವರ ಕಥೆಗಳನ್ನು ಹಳೆಯ ಗ್ರಂಥಗಳಲ್ಲಿ ಹುಡುಕುತ್ತ ಹೋದರೆ ಅವು ಸಿಗುವ ಜಾಗವೇ ವಿಚಿತ್ರ. ಹೀಬ್ರೂ ಬೈಬಲ್ಲಿನ ಬೆನ್ಯಾಮೀನ ಎಂಬ ಹೆಸರಿಗೆ ಬಲಗೈಯ ಮಗ ಎಂದು ಅರ್ಥ. ನ್ಯಾಯಸ್ಥಾಪಕರ ಪುಸ್ತಕ ಆ ಕುಲದಲ್ಲಿ 700 ಮಂದಿ ಎಡಚ ಕವಣೆಗಾರರಿದ್ದರು, ಕೂದಲೆಳೆಗೆ ಗುರಿಯಿಟ್ಟರೂ ತಪ್ಪುತ್ತಿರಲಿಲ್ಲ ಅನ್ನುತ್ತದೆ. ರೋಮಿನ ದಂತಕಥೆಯೊಂದರಲ್ಲಿ ಮ್ಯೂಸಿಯಸ್ ಎಂಬ ತರುಣ ಶತ್ರುರಾಜನ ಎದುರು ತನ್ನ ಬಲಗೈಯನ್ನು ಬೆಂಕಿಗೆ ಹಿಡಿದು ಸುಟ್ಟುಕೊಳ್ಳುತ್ತಾನೆ; ಆಮೇಲೆ ಅವನ ಬಿರುದು ಸ್ಕೀವೊಲಾ, ಎಡಗೈಯವನು. ಆ ಮನೆತನ ಆ ಹೆಸರನ್ನು ತಲೆಮಾರುಗಟ್ಟಲೆ ಹೆಮ್ಮೆಯಿಂದ ಇಟ್ಟುಕೊಂಡಿತ್ತು. ಇಂದಿಗೆ ಬಂದರೆ ಸಚಿನ್ ತೆಂಡೂಲ್ಕರ್ ಬ್ಯಾಟ್ ಹಿಡಿಯುವುದು ಬಲಗೈಯವರಂತೆ, ಸಹಿ ಹಾಕುವುದು ಎಡಗೈಯಲ್ಲಿ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಪದದ ಹುಟ್ಟಿನಲ್ಲಿ ಬಲಗೈ ಇದ್ದರೆ, ಎಡಗೈಯ ಕೆಲಸಕ್ಕೆ ಡೆಕ್ಸ್‌ಟೆರಿಟಿ ಅನ್ನುವುದು ತಪ್ಪೇ? ನಮ್ಮ ಅಲಂಕಾರಶಾಸ್ತ್ರದವರು ಇದೇ ಪ್ರಶ್ನೆಯನ್ನು ಬೇರೊಂದು ಪದದ ಮೇಲೆ ನಡೆಸಿದ್ದಾರೆ, ಅದೂ ಕೈಚಳಕದ ಪದವೇ: ಕುಶಲ. ಕುಶ ಅಂದರೆ ದರ್ಭೆ. ಅದರ ಅಂಚು ಹರಿತ, ಎಚ್ಚರ ತಪ್ಪಿದರೆ ಬೆರಳು ಸೀಳುತ್ತದೆ. ಕೈ ಕೊಯ್ದುಕೊಳ್ಳದೆ ಕುಶವನ್ನು ಕಿತ್ತು ತರಬಲ್ಲವನು ಕುಶಲ. ಅಲ್ಲಿಂದ ಎಲ್ಲ ಕೆಲಸದ ಜಾಣನಿಗೂ ಆ ಹೆಸರು ಬಂತು ಎಂಬುದು ಸಾಂಪ್ರದಾಯಿಕ ವಿವರಣೆ. ಪ್ರವೀಣನಿಗೂ ಹೀಗೇ, ವೀಣೆಯಲ್ಲಿ ನುರಿತವನು ಎಂದು. 11ನೇ ಶತಮಾನದ ಕಾಶ್ಮೀರದ ಮಮ್ಮಟ ‘ಕರ್ಮಣಿ ಕುಶಲಃ’ ಎಂಬುದನ್ನು ಲಕ್ಷಣೆಗೆ, ಅಂದರೆ ನೇರ ಅರ್ಥ ಹೊಂದದಾಗ ಅದಕ್ಕೆ ನಂಟಿರುವ ಬೇರೆ ಅರ್ಥ ಹಿಡಿಯುವುದಕ್ಕೆ, ಉದಾಹರಣೆ ಕೊಟ್ಟ: ಮೂಲ ಅರ್ಥ ದರ್ಭೆ ತರುವವನು, ಅದು ಇಲ್ಲಿ ಹೊಂದದ ಕಾರಣ ಜಾಣ ಎಂಬ ಅರ್ಥ ರೂಢಿಯಿಂದ ಬಂದಿದೆ ಎಂದು. 14ನೇ ಶತಮಾನದ ವಿಶ್ವನಾಥ ಒಪ್ಪಲಿಲ್ಲ. ಪದ ಹೇಗೆ ಹುಟ್ಟಿತು ಅನ್ನುವುದು ಬೇರೆ, ಅದು ಯಾವ ಅರ್ಥದಲ್ಲಿ ಓಡಾಡುತ್ತದೆ ಅನ್ನುವುದು ಬೇರೆ ಎಂದ. ಹುಟ್ಟನ್ನೇ ಮುಖ್ಯಾರ್ಥ ಅನ್ನುವುದಾದರೆ, ನಡೆಯುವುದು ಎಂಬ ಧಾತುವಿನಿಂದ ಬಂದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಹೇಳುವುದೂ ಲಕ್ಷಣೆಯೇ ಆಗಬೇಕಾದೀತು ಎಂದ. ನಾನು ವಿಶ್ವನಾಥನ ಪಕ್ಷ. ಇಂದು ‘ಕುಶಲವೇ?’ ಎಂದು ಕೇಳುವವರು ಯಾರೂ ದರ್ಭೆಯನ್ನು ನೆನೆಯುವುದಿಲ್ಲ. ನನ್ನ ಮೇಷ್ಟ್ರ ಮನಸ್ಸಿನಲ್ಲೂ ಬಲಗೈ ಇರಲಿಲ್ಲ, ನನ್ನ ಬೆಸುಗೆ ಇತ್ತು.

ಅನುವಾದ ಮಾಡುವವರಿಗೆ ಈ ಮಾತು ಕೂಡಲೇ ಉಪಯೋಗಕ್ಕೆ ಬರುತ್ತದೆ. ಡೆಕ್ಸ್‌ಟೆರಿಟಿಗೆ ಕನ್ನಡದಲ್ಲಿ ‘ದಕ್ಷತೆ’ ಅಂದರೆ ವಂಶವೃಕ್ಷದ ಪ್ರಕಾರ ಅದಕ್ಕಿಂತ ಸರಿಯಾದದ್ದು ಇಲ್ಲ. ಬಳಕೆಯ ಪ್ರಕಾರ ಅದು ತಪ್ಪು. ಕನ್ನಡದಲ್ಲಿ ದಕ್ಷ ಎಂಬುದು ಕಚೇರಿಗೆ ಹೋಗಿ ಕುಳಿತಿದೆ, ‘ದಕ್ಷ ಅಧಿಕಾರಿ’ ಎಂದು. ಅಲ್ಲಿಂದ ಎಂಜಿನ್ನಿನೊಳಗೆ ಇಳಿದಿದೆ, ‘ಇಂಧನ ದಕ್ಷತೆ’ ಎಂದು. ಬೆರಳಿನ ತುದಿಯಲ್ಲಿ ಅದಿಲ್ಲ. ಅಲ್ಲಿ ಇರುವ ಕನ್ನಡ ಬೇರೆ: ಕೈಚಳಕ, ಕೈಗುಣ, ನುರಿತ ಕೈ, ಪಳಗಿದ ಕೈ. ‘ಹೋಳಿಗೆ ಲಟ್ಟಿಸೋದ್ರಲ್ಲಿ ಅವಳದು ಎತ್ತಿದ ಕೈ’ ಅನ್ನುತ್ತಾರೆ. ಸಂಸ್ಕೃತದಿಂದ ಪಡೆದ ಸಿದ್ಧಹಸ್ತ ಕೂಡ ಹಾಗೇ. ಈ ಪದಗಳನ್ನು ಸಾಲಾಗಿ ಬರೆದು ನೋಡಿದಾಗಲೇ ನನಗೆ ಕಂಡದ್ದು: ಎಲ್ಲದರಲ್ಲೂ ಕೈ ಇದೆ, ಯಾವುದರಲ್ಲೂ ಬದಿ ಇಲ್ಲ. ದಿಕ್ಕು, ಶಕುನ, ಶಾಸ್ತ್ರಗಳಲ್ಲಿ ಎಡಬಲ ಎಣಿಸುವ ಭಾಷೆ ಕೆಲಸ ಬಂದಾಗ ಬರೀ ಕೈಯನ್ನು ನೋಡುತ್ತದೆ.

ಆ ದಿನ ಲ್ಯಾಬಿನಲ್ಲಿ ಮೇಷ್ಟ್ರು ಇಂಗ್ಲಿಷ್ ಬಿಟ್ಟು, ಪಾಠ ಮುಗಿದ ಮೇಲೆ ನಮ್ಮೊಡನೆ ಆಡುತ್ತಿದ್ದ ಮಾತಿನಲ್ಲೇ ಹೇಳಿದ್ದರೆ, ಬೋರ್ಡನ್ನು ಹಾಗೇ ಬೆಳಕಿಗೆ ಹಿಡಿದು ‘ಕೈ ಚೆನ್ನಾಗಿ ಪಳಗಿದೆ ಕಣಮ್ಮ’ ಅನ್ನುತ್ತಿದ್ದರು.